ಲಾಡಸಾಬನ ವಸ್ತ್ರ

ನನ್ನ ಗಂಡನ ಮಣ್ಣಿಗೆ ಬಂದ ನೆಂಟರೆಲ್ಲ ಐದನೆಯ ದಿನ ಊಟ ಮಾಡಿ ಹೋದರು. ಆರನೆಯ ದಿನ ಸೋಮವಾರ. ಬೆಳಗಿನ ನಾಲ್ಕಕ್ಕೆ ಎಚ್ಚರವಾಯಿತು. ಯಾರೂ ಎಬ್ಬಿಸಲಿಲ್ಲ. ಎರಡು ವರ್ಷದ ರೂಢಿ.

ಎದ್ದು ಒಲೆ ಹೊತ್ತಿಸಿದೆ. ನೀರಿಟ್ಟೆ. ಜೋಳದ ಹಿಟ್ಟು ಕಲಸುತ್ತಿದ್ದಾಗ ಅತ್ತೆ ಒಳಗೆ ಬಂದವರು ನನ್ನನ್ನು ಕಂಡು ಬೆಚ್ಚಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಯವ್ವಾ, ನೀನ ಏನ? ಸಪ್ಪಳನ ಇಲ್ಲ."

ನನ್ನ ಕೈಯಲ್ಲಿ ಬಳೆ ಇರಲಿಲ್ಲ. ಇಷ್ಟು ದಿನ ಬಳೆಯ ಸಪ್ಪಳ ಕೇಳಿಯೇ ನಾನು ಎದ್ದದ್ದು ಅವರಿಗೆ ತಿಳಿಯುತ್ತಿತ್ತು.

"ಇಷ್ಟ ಲಗೂ ಯಾಕ ಎದ್ದಿ?"

"ಇವತ್ತ ಸೋಮವಾರ ಅತ್ತಿ."

ಅವರು ಹಿಟ್ಟನ್ನು ತಮ್ಮ ಕಡೆ ಎಳೆದುಕೊಂಡು ರೊಟ್ಟಿ ತಟ್ಟಲು ಕೂತರು. ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ ನಾನು ಧಾರವಾಡಕ್ಕೆ ಹೋಗುವ ದಿನಗಳು. ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಎರಡನೆಯ ವರ್ಷ. ಮದುವೆಯಾಗಿ ನರಗುಂದಕ್ಕೆ ಬಂದಾಗ ನನ್ನ ಗಂಡ ಅಂದಾನೆಪ್ಪ ಮಾಸ್ತರರು ತಮ್ಮ ಅವ್ವನ ಮುಂದೆ ನಿಂತು, ನೀಲವ್ವ ಇನ್ನೂ ಓದಲಿ ಎಂದರು. ಅವರು ಓದಿದ್ದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ತನಕ. ಅತ್ತೆ ಒಂದು ರಾತ್ರಿ ಯೋಚನೆ ಮಾಡಿ ಒಂದೇ ಶರತ್ತು ಹಾಕಿದರು: ಎಲ್ಲಿಗಾದರೂ ಹೋಗಲಿ, ಸಂಜೆಗೆ ಮನೆಗೆ ಬರಬೇಕು. ಹಾಗಾಗಿ ಹಾಸ್ಟೆಲ್ಲು ಇಲ್ಲ, ಬಸ್ಸು.

ನಮ್ಮವರ ಜ್ವರ ಹದಿನೆಂಟು ದಿನ ಇತ್ತು. ಆಮೇಲೆ ಈ ಐದು ದಿನ. ಇನ್ನು ಮೂರು ದಿನ ತಪ್ಪಿದರೆ ಹಾಜರಿ ಸಾಲುವುದಿಲ್ಲ, ಏಪ್ರಿಲ್ ಪರೀಕ್ಷೆಗೆ ಕೂಡಿಸುವುದಿಲ್ಲ. ನಾನು ಲೆಕ್ಕ ಹಾಕಿದ್ದೆ. ಮನೆಯಲ್ಲಿ ಹೆಣ ಇದ್ದಾಗಲೂ ಹಾಕಿದ್ದೆ. ಅದಕ್ಕೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಏನೂ ಆಗುತ್ತಿರಲಿಲ್ಲ.

ಪಡಸಾಲೆಯಲ್ಲಿ ಅಪ್ಪ ಮಲಗಿದ್ದ. ಗಜೇಂದ್ರಗಡದಲ್ಲಿ ಅಪ್ಪನದು ಸೀರೆ ವ್ಯಾಪಾರ. ಅಂಗಡಿ ಮುಚ್ಚಿ ಬಂದಿದ್ದ. ಬುಧವಾರ ಹತ್ತರ ಬಸ್ಸಿಗೆ ನನ್ನನ್ನು ಕರೆದುಕೊಂಡು ಹೋಗುವುದೆಂದು ಹಿಂದಿನ ದಿನವೇ ಹೇಳಿದ್ದ. ನನ್ನ ಟ್ರಂಕನ್ನು ಅಟ್ಟದಿಂದ ತಾನೇ ಇಳಿಸಿ ಗೋಡೆಗೆ ಹಚ್ಚಿ ಇಟ್ಟಿದ್ದ. ಒಮ್ಮೆ ಆ ಬಸ್ಸು ಹತ್ತಿದರೆ ತಿರುಗಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಟ್ರಂಕಿನ ಮೇಲಿನ ಗೂಟದಲ್ಲಿ ವಸ್ತ್ರ ತೂಗುತ್ತಿತ್ತು. ಹೆಗಲ ಮೇಲೆ ಹಾಕುವ ಕೈಮಗ್ಗದ ವಸ್ತ್ರ, ಕೆಂಪು ಕಪ್ಪು ಚೌಕುಳಿ, ಒಂದು ಮೂಲೆಗೆ ಹಳದಿ ನೂಲಿನ ಹೊಲಿಗೆ. ಅದು ನಮ್ಮದಲ್ಲ. ಲಾಡಸಾಬನದು.

ಗಜೇಂದ್ರಗಡದಿಂದ ಹೊರಟು ರೋಣದ ಮೇಲೆ ಬರುವ ಧಾರವಾಡದ ಬಸ್ಸು ನರಗುಂದಕ್ಕೆ ಪೌಣೆ ಏಳಕ್ಕೆ ಬರುತ್ತದೆ. ಬರುವಾಗಲೇ ತುಂಬಿರುತ್ತದೆ. ಇಲ್ಲಿ ಹತ್ತು ಮಂದಿ ಇಳಿಯುತ್ತಾರೆ, ಮೂವತ್ತು ಮಂದಿ ಏರುತ್ತಾರೆ. ಬಾಗಿಲಲ್ಲಿ ಏರಿ ಸೀಟು ಹುಡುಕುವವನು ಊರಿಗೆ ಹೊಸಬ. ಬಲ್ಲವರು ಬಸ್ಸು ನಿಲ್ಲುವ ಮೊದಲೇ ಜೊತೆಗೆ ಓಡುತ್ತ ಕಿಡಕಿಯೊಳಗೆ ವಸ್ತ್ರ ಎಸೆಯುತ್ತಾರೆ. ವಸ್ತ್ರ ಬಿದ್ದ ಸೀಟು ವಸ್ತ್ರದವನದು. ಬರೆದ ಕಾಯದೆ ಅಲ್ಲ, ಆದರೆ ಕಂಡಕ್ಟರನೂ ಅದನ್ನು ಮೀರುವುದಿಲ್ಲ.

ನಮ್ಮವರೂ ಎಸೆಯುತ್ತಿದ್ದರು. ಅವರ ವಸ್ತ್ರ ಬಿಳಿದು, ತೆಳುವು, ಅದಕ್ಕೆ ಸೀಮೆಸುಣ್ಣದ ಪುಡಿ ಮೆತ್ತಿರುತ್ತಿತ್ತು. "ಯಾವನೋ ಮಾಸ್ತರಂದು" ಎಂದು ಯಾರಾದರೂ ಎತ್ತಿ ಕೆಳಗೆ ಹಾಕಿ ಕೂತುಬಿಡುತ್ತಿದ್ದರು. ಧಾರವಾಡಕ್ಕೆ ಮೂರು ತಾಸು. ಮೊದಲ ತಿಂಗಳು ನಾನು ನಿಂತೇ ಹೋದೆ, ನಿಂತೇ ಬಂದೆ. ಒಂದು ಸಂಜೆ ನನ್ನ ಬಾತ ಕಾಲನ್ನು ಅವರು ನೋಡಿದರು.

ಲಾಡಸಾಬ ಬಸ್ ಸ್ಟ್ಯಾಂಡಿನಲ್ಲಿ ಹಮಾಲಿ ಮಾಡುತ್ತಿದ್ದ. ಪ್ರಾಯದಲ್ಲಿ ಪೈಲವಾನ. ಆತನ ವಸ್ತ್ರವನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಿಂದೆ ಒಬ್ಬ ವ್ಯಾಪಾರಿ ಅದನ್ನು ಸರಿಸಿ ಕೂತಿದ್ದನಂತೆ. ಲಾಡಸಾಬ ಒಂದು ಮಾತೂ ಆಡದೆ, ಆತನನ್ನು ಕೂತ ಭಂಗಿಯಲ್ಲೇ ಎತ್ತಿ ಕೆಳಗಿಳಿಸಿ, ಚಹಾದಂಗಡಿಯ ಬಾಕಿನ ಮೇಲೆ ಕೂಡಿಸಿ, "ಸಾವುಕಾರಗ ಒಂದ ಚಹಾ ಕೊಡ್ರಿ" ಎಂದು ಹೇಳಿ ಬಂದನಂತೆ.

ನಮ್ಮವರು ಲಾಡಸಾಬನ ಹತ್ತಿರ ಹೋದರು. ನಾನು ಪಕ್ಕದಲ್ಲಿ ನಿಂತಿದ್ದೆ.

"ಲಾಡಸಾಬ, ನಿನ್ನ ವಸ್ತ್ರ ಒಂದ ವಾರ ಕೊಡೊ."

"ಯಾಕ್ರಿ ಮಾಸ್ತರ, ಗರಡಿ ಮನಿಗೆ ಹೊಂಟೀರೇನ?"

ಸುತ್ತಲಿನವರು ನಕ್ಕರು. ಇವರ ತೋಳು ನನ್ನ ತೋಳಿಗಿಂತ ದಪ್ಪ ಇರಲಿಲ್ಲ. ಇವರೂ ನಕ್ಕರು.

"ಕುಸ್ತಿ ನಿನ್ನ ಹಂತೇಕನ ಇರಲಿ. ಹೆಸರಷ್ಟ ನನಗ ಕೊಡು."

ಲಾಡಸಾಬ ನನ್ನ ಕಡೆ ನೋಡಿದ, ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದ, ಹೆಗಲ ಮೇಲಿನ ವಸ್ತ್ರ ತೆಗೆದು ಕೊಟ್ಟ.

ಅಂದಿನಿಂದ ನನ್ನ ಸೀಟು ನನ್ನದಾಯಿತು. ವಾರ ಎರಡು ವರ್ಷವಾಯಿತು. ನಡುವೆ ಲಾಡಸಾಬ ಹತ್ತಿಯ ಅಂಡಿಗೆ ಎತ್ತಲು ಹೋಗಿ ಬೆನ್ನು ಮುರಿದುಕೊಂಡು ರೋಣದಲ್ಲಿ ಮಗಳ ಮನೆ ಸೇರಿದ. ಆತ ಊರಲ್ಲಿಲ್ಲ ಎಂದು ಗೊತ್ತಿದ್ದವರೂ ವಸ್ತ್ರವನ್ನು ಮುಟ್ಟಲಿಲ್ಲ. "ನಿನ್ನ ಪರೀಕ್ಷಾ ಮುಗೀಲಿ, ಇಬ್ಬರೂ ರೋಣಕ್ಕ ಹೋಗಿ ಕೊಟ್ಟು ಬರೂಣು" ಎಂದು ಇವರು ಅನ್ನುತ್ತಿದ್ದರು. ಜ್ವರದ ಹದಿನಾರನೆಯ ದಿನವೂ ಅದನ್ನೇ ಕೇಳಿದರು: "ಲಾಡಸಾಬಂದು ಕೊಟ್ಟೆವೇನ?"

ಸೋಮವಾರ ನಾನು ಅದನ್ನು ಗೂಟದಿಂದ ತೆಗೆದುಕೊಂಡೆ. ಅತ್ತೆ ರೊಟ್ಟಿಯ ಗಂಟು ನನ್ನ ಕೈಗೆ ಕೊಟ್ಟರು.

"ಸಂಜಿಗೆ ಬಾ" ಎಂದರು, ದಿನವೂ ಅನ್ನುವಂತೆ.

ಸ್ಟ್ಯಾಂಡಿನಲ್ಲಿ ಚಹಾದಂಗಡಿಯ ಮುಂದಿನ ಮಾತು ನಿಂತಿತು. ಶೇಂಗಾ ವ್ಯಾಪಾರಿ ಕಳಕಪ್ಪ ದಿನವೂ ಇದೇ ಬಸ್ಸಿಗೆ ನವಲಗುಂದಕ್ಕೆ ಹೋಗುವವರು. "ಮಾಸ್ತರ ಪೈಲವಾನರು ಬಂದ್ರಲ್ಲಪಾ" ಎಂದು ನಮ್ಮವರನ್ನು ದಿನವೂ ಕಾಡಿಸುವವರು. ಅಂದು ತಮ್ಮ ಚಪ್ಪಲಿಯನ್ನು ನೋಡುತ್ತ ನಿಂತಿದ್ದರು.

ಬಸ್ಸು ಬಂತು. ಎಲ್ಲರೂ ಓಡಿದರು. ನಾನೂ ನಾಲ್ಕು ಹೆಜ್ಜೆ ಓಡಿ ವಸ್ತ್ರ ಎಸೆದೆ. ಅದು ಕಿಡಕಿಯ ಕೆಳಗಿನ ತಗಡಿಗೆ ತಾಗಿ ಮಣ್ಣಿನಲ್ಲಿ ಬಿತ್ತು. ನಾನು ಎಂದೂ ಎಸೆದವಳಲ್ಲ. ಕಂಡಕ್ಟರ್ ಯಮನೂರಸಾಬ ಇಳಿದು ಬಂದು ಅದನ್ನು ಎತ್ತಿ, ಝಾಡಿಸಿ, ಮೂರನೆಯ ಕಿಡಕಿಯೊಳಗೆ ಕೈ ಚಾಚಿ ಹಾಸಿದ.

"ಹತ್ರಿ ಅಕ್ಕಾರ" ಎಂದ.

ಹತ್ತಿದೆ. ಇಬ್ಬರು ಕೂಡುವ ಸೀಟು. ಅದರ ನಡುದಾರಿಯ ಬದಿಗೆ ಕಳಕಪ್ಪ ಆಗಲೇ ಕೂತಿದ್ದರು. ನಾನು ಒಳಗೆ ಸರಿದು ಕೂತ ಕೂಡಲೆ ಅವರು ಎದ್ದರು.

"ಕುಂಡ್ರಿ, ಕುಂಡ್ರಿ. ನನಗ ಗಾಳಿ ಬೇಕು" ಎಂದು ಹಿಂದೆ ಹೋಗಿ ನಿಂತರು.

ಮುಂದಿನ ಸೀಟಿನಲ್ಲಿ ಒಬ್ಬಾಕೆ ಮಗಳನ್ನು ಕರೆದುಕೊಂಡು ಕೂತಿದ್ದಳು. ಮಗಳ ಕೈತುಂಬ ಹೊಸ ಹಸಿರು ಬಳೆ. ತಾಯಿ ಹೊರಳಿ ನನ್ನ ಹಣೆ ನೋಡಿದಳು, ಮಗಳ ತೋಳು ಹಿಡಿದು ಎಬ್ಬಿಸಿದಳು. ಬಸ್ಸಿನ ತುಂಬ ಮಂದಿ ನಿಂತಿದ್ದರು, ಒಬ್ಬರ ಮೈಮೇಲೆ ಒಬ್ಬರು. ನನ್ನ ಸುತ್ತ ಮೂರು ಜಾಗ ಖಾಲಿ.

"ಜಾಗಾ ಐತಲ್ರಪಾ, ಕುಂಡ್ರಿ" ಎಂದ ಯಮನೂರಸಾಬ. ಯಾರೂ ಕೂಡಲಿಲ್ಲ.

ಹೊಸದಾಗಿ ಗಂಡನನ್ನು ಕಳೆದುಕೊಂಡವಳ ಪಕ್ಕ ಕೂತು ಪೇಟೆಗೆ ಹೋದರೆ ಆ ದಿನದ ಕೆಲಸ ಕೆಡುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಮದುವೆಗೆ ಮುಂಚೆ ಸೂಡಿ ಊರಿಗೆ ಹೋಗುವ ಚಕ್ಕಡಿಯಲ್ಲಿ ನನ್ನ ಅವ್ವ ನನ್ನನ್ನು ಹೀಗೆಯೇ ತೋಳು ಹಿಡಿದು ಒಬ್ಬಾಕೆಯ ಪಕ್ಕದಿಂದ ಎಬ್ಬಿಸಿದ್ದಳು. ನಾನು ಎದ್ದಿದ್ದೆ.

ಲಾಡಸಾಬನ ವಸ್ತ್ರ ಒಂದು ಜಾಗ ಹಿಡಿಯುತ್ತಿತ್ತು. ನಾನು ನಾಲ್ಕು ಹಿಡಿದಿದ್ದೆ.

ವಸ್ತ್ರವನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡೆ. ಬಸ್ಸು ಹೊರಟಿತು. ಮುಂದಿನ ನಿಲುಗಡೆಯಲ್ಲಿ ಇಳಿದು ನಡೆದು ಮನೆಗೆ ಹೋಗುವುದೆಂದು ನಿರ್ಧರಿಸಿದೆ. ಟ್ರಂಕು ಹೇಗೂ ಅಟ್ಟದಿಂದ ಇಳಿದಿತ್ತು.

ಊರು ದಾಟಿ ಎರಡು ಮೈಲಿಗೆ ಬಸ್ಸು ನಿಂತಿತು. ನಾನು ಎದ್ದೆ. ಬಾಗಿಲಲ್ಲಿ ಬೆಣ್ಣೆಯ ಬುಟ್ಟಿ ಮೊದಲು ಒಳಗೆ ಬಂತು, ಆಮೇಲೆ ಅದರ ಕೆಳಗಿನ ಮುದುಕಿ. ಶಿರೋಳದ ಬಾಳವ್ವ. ದಿನವೂ ಅಲ್ಲಿಂದಲೇ ಹತ್ತುವವಳು. ನನ್ನನ್ನು ತಡೆದು ನಿಂತಳು.

"ಇಲ್ಲಿ ಯಾಕ ಇಳೀತಿ ಯವ್ವಾ? ಇಲ್ಲೇನೈತಿ, ಬರೇ ಹೊಲ."

ಖಾಲಿ ಸೀಟು ನೋಡಿದಳು, ನಿಂತ ಗಂಡಸರನ್ನು ನೋಡಿದಳು, ನನ್ನ ಕೈ ನೋಡಿದಳು.

"ಹೌದಾ" ಎಂದಳು. ಆಮೇಲೆ, "ಸರಕೊ" ಎಂದಳು.

ನಾನು ಒಳಗೆ ಸರಿದೆ. ಆಕೆ ಪಕ್ಕದಲ್ಲಿ ಕೂತು ಬುಟ್ಟಿಯನ್ನು ಮುಂದಿನ ಖಾಲಿ ಸೀಟಿನ ಮೇಲೆ ಇಟ್ಟಳು.

"ಆಯಿ, ನನ್ನ ಬಾಜೂಕ..."

"ಹೇಳಬ್ಯಾಡ. ನಾನೂ ನಿನ್ನಂಗನ. ಇಪ್ಪತ್ತ ವರ್ಷ ಆತು. ಈ ಮೋಟಾರ ಚಾಲೂ ಆದಾಗಿಂದ ನಿಂತ ಹೋಗೇನಿ, ಬುಟ್ಟಿ ತಲಿ ಮ್ಯಾಲ ಹೊತಗೊಂಡು. ಮುದುಕಿ ಅಂತ ಒಬ್ಬರರ ಎದ್ದ ಜಾಗಾ ಕೊಟ್ಟಾರೇನ? ಇವತ್ತ ನೋಡು, ನನಗೊಂದ ಸೀಟು, ನನ್ನ ಬೆಣ್ಣಿಗೊಂದ ಸೀಟು."

ಹಿಂದಿನಿಂದ ಕಳಕಪ್ಪನವರ ದನಿ ಬಂತು. "ಬಾಳವ್ವ, ಇವತ್ತ ನಿನ್ನ ಬೆಣ್ಣಿ ತಿರುಗಿ ಮನಿಗೆ ಬರತೈತಿ ನೋಡು."

"ನಿನ್ನಿ ನಿನ್ನ ಮಾರಿ ನೋಡಿ ಹೋಗಿದ್ದೆ. ಅರ್ಧಾ ತಿರುಗಿ ಬಂತು."

ಬಸ್ಸು ನಕ್ಕಿತು. ನಾನು ನಗಲಿಲ್ಲ, ಆದರೆ ಕೂತೆ. ಬಾಳವ್ವ ದಾರಿಯುದ್ದಕ್ಕೂ ತನ್ನ ಎಮ್ಮೆಯ ವಿಷಯ ಹೇಳಿದಳು. ನನ್ನ ವಿಷಯ ಕೇಳಲಿಲ್ಲ. ನವಲಗುಂದದಲ್ಲಿ ಇಳಿಯುವಾಗ ಬುಟ್ಟಿ ಎತ್ತಿ ತಲೆಯ ಮೇಲೆ ಇಟ್ಟುಕೊಳ್ಳುತ್ತ ಹೇಳಿದಳು:

"ನಾಳಿ ಬರತಿಯಲ್ಲ? ನೀ ಬಂದ್ರ ನಾ ಕುಂಡ್ರತೀನಿ. ಇಲ್ಲಾಂದ್ರ ಮತ್ತ ನಿಂದ್ರೂದ ಐತಿ."

ಆಕೆ ಹೋದ ಮೇಲೆ ಪುಸ್ತಕ ತೆಗೆದೆ. ಎರಡು ವರ್ಷ ಒಂದು ಮೊಣಕೈಯಷ್ಟು ಜಾಗದಲ್ಲಿ ಓದಿದವಳು ನಾನು. ಅಂದು ಪುಸ್ತಕವನ್ನು ಪೂರ್ತಿ ಬಿಚ್ಚಿ ಪಕ್ಕದಲ್ಲಿ ಟಿಪ್ಪಣಿ ವಹಿ ಇಟ್ಟುಕೊಂಡು ಓದಿದೆ. ಜನ ನನಗೆ ಬಿಟ್ಟುಕೊಟ್ಟ ಜಾಗ ಅದು. ಅವರು ಕೊಟ್ಟ ರೀತಿ ಬೇರೆ. ಜಾಗವನ್ನು ನಾನು ಬೇಡ ಅನ್ನಲಿಲ್ಲ.

ತರಗತಿಯಲ್ಲಿ ಹಾಜರಿ ಕೂಗಿದರು. ಪಟ್ಟಿಯಲ್ಲಿ ನನ್ನ ಹೆಸರಿನ ಜೊತೆಗೆ ಅವರ ಹೆಸರೂ ಇದೆ. "ನೀಲವ್ವ ಅಂದಾನೆಪ್ಪ" ಎಂದು ಕೂಗಿ ಅಧ್ಯಾಪಕರು ತಲೆಯೆತ್ತಿ ನೋಡಿದರು. "ಯೆಸ್ ಸರ್" ಎಂದೆ.

ಸಂಜೆ ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಕಳಕಪ್ಪ ಮಧ್ಯಾಹ್ನವೇ ತಿರುಗಿ ಬಂದು ಎಲ್ಲ ಹೇಳಿದ್ದರು.

"ನನ್ನ ಮಗಳ ಬಾಜೂಕ ಯಾರೂ ಕುಂಡ್ರಲಿಲ್ಲಂತ. ಕೇಳಿ ನನಗ ಊಟ ಸೇರಲಿಲ್ಲ ನೀಲಾ."

"ಕುಂತಿದ್ರಪ್ಪಾ."

"ಯಾರು?"

"ಬಾಳವ್ವ. ಬೆಣ್ಣಿ ಮಾರಾಕಿ."

ಅಪ್ಪನ ಕಣ್ಣು ತುಂಬಿತು. "ಸಾಕವ್ವ ಇದು. ಓದಿದ್ದು ಸಾಕು. ಬುಧವಾರ ಹೋಗಿಬಿಡೂಣು. ನಮ್ಮ ಮನ್ಯಾಗ ನಿನ್ನ ನೋಡಿ ಎದ್ದು ಹೋಗೋರು ಯಾರೂ ಇಲ್ಲ. ಎಲ್ಲಿಗೂ ಹೋಗೂದ ಬ್ಯಾಡ ನೀ."

ಎಲ್ಲಿಗೂ ಹೋಗುವುದು ಬೇಡ. ಅಪ್ಪ ಪ್ರೀತಿಯಿಂದಲೇ ಅಂದ. ನಾನು ಟ್ರಂಕಿನ ಕಡೆ ನೋಡಿದೆ.

ಅತ್ತೆ ಒಳಗಿನಿಂದ ದೀಪ ತಂದು ಗೂಡಿನಲ್ಲಿ ಇಟ್ಟರು. ತಮ್ಮ ಗಂಡ ಸತ್ತ ಮೇಲೆ ಇಪ್ಪತ್ತೆರಡು ವರ್ಷ ಅವರು ಊರ ಅಗಸೆ ಬಾಗಿಲು ದಾಟಿದ್ದನ್ನು ನಾನು ಕೇಳಿಲ್ಲ.

"ಬೀಗರ, ನಾ ಆಕಿಗೆ ಹಾಕಿದ್ದು ಒಂದ ಶರತ್ತು" ಎಂದರು. "ಸಂಜಿಗೆ ಮನಿಗೆ ಬರಬೇಕು ಅಂತ. ಎರಡ ವರ್ಷದಾಗ ಒಂದ ದಿನಾ ತಪ್ಪಿಸಿಲ್ಲ. ಇವತ್ತೂ ಬಂದಾಳ. ನಾ ಇನ್ನೇನ ಅನ್ನಲಿ?"

"ಮಂದಿ ಅನ್ನೂದು, ಸಿದ್ದಲಿಂಗವ್ವಾರ?"

"ಮಂದಿ ಎದ್ದ ಹೋಗಲಿ. ಮೋಟಾರ ನಿಂದ್ರತೈತಲ್ಲ ಆಕಿಗೆ."

ಅಪ್ಪ ಕಣ್ಣು ಒರೆಸಿಕೊಂಡ. ಆಮೇಲೆ ಕೇಳಿದ: "ಬುಧವಾರ ನಾ ಒಬ್ಬನ ಹೋಗಬೇಕೇನ ಹಂಗಾದ್ರ?"

"ರೋಣದ ತನಕ ನಾನೂ ಬರತೀನಿ" ಎಂದೆ. "ಒಂದು ಕೊಡೂದೈತಿ."

ಮಂಗಳವಾರ ವಸ್ತ್ರವನ್ನು ತೊಳೆದು ಹಗ್ಗಕ್ಕೆ ಹಾಕಿ, ಬರಿಗೈಯಲ್ಲಿ ಸ್ಟ್ಯಾಂಡಿಗೆ ಹೋದೆ. ಓಡಲಿಲ್ಲ. ಎಲ್ಲರೂ ಹತ್ತಿದ ಮೇಲೆ ಹತ್ತಿದೆ. ಮೂರನೆಯ ಕಿಡಕಿಯಲ್ಲಿದ್ದವರು ನನ್ನನ್ನು ಕಂಡು ಎದ್ದರು. ಕೂತೆ. ಎರಡು ಮೈಲಿಯ ಮೇಲೆ ರಸ್ತೆಯ ಬದಿಯಲ್ಲಿ ಬುಟ್ಟಿ ಕಾಣಿಸಿತು. ಬಾಳವ್ವ ಕೇಳದೆಯೇ ಬಂದು ಕೂತಳು. "ನಿನ್ನಿ ಬೆಣ್ಣಿ ಪೂರಾ ಹೋತು" ಎಂದಳು, ಕಳಕಪ್ಪನವರಿಗೆ ಕೇಳುವಷ್ಟು ಜೋರಾಗಿ.

ಬುಧವಾರ ಬೆಳಿಗ್ಗೆ ಎದ್ದಾಗ ಟ್ರಂಕು ಗೋಡೆಯ ಹತ್ತಿರ ಇರಲಿಲ್ಲ. ಅತ್ತೆ ಅದನ್ನು ಅಟ್ಟಕ್ಕೆ ಏರಿಸಿದ್ದರು. ಹೇಗೆ ಏರಿಸಿದರೋ, ಕೇಳಲಿಲ್ಲ.

ಗಜೇಂದ್ರಗಡದ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂತ. ಹಿಂದಿನ ಸೀಟು ಖಾಲಿಯಾದದ್ದನ್ನು ಒಮ್ಮೆ ಹೊರಳಿ ನೋಡಿದ. ರೋಣದ ತನಕ ಮತ್ತೆ ಹೊರಳಲಿಲ್ಲ. ಕುಸುಬಿಯ ಹೊಲಗಳು ಹೋದವು, ಕೊಯ್ದ ಜೋಳದ ಹೊಲಗಳು ಹೋದವು. ನನ್ನ ತೊಡೆಯ ಮೇಲಿನ ವಸ್ತ್ರವನ್ನು ಅಪ್ಪ ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ.

"ನಮ್ಮೂರ ಮಗ್ಗದ್ದು ಇದು. ಇಂಥಾ ಕೆಂಪು ಈಗ ಯಾರೂ ಹಾಕೂದಿಲ್ಲ."

ರೋಣದಲ್ಲಿ ನಾನು ಇಳಿದೆ. ಅಪ್ಪ ಕಿಡಕಿಯಿಂದ ತಲೆ ಹೊರಗೆ ಹಾಕಿದ.

"ಪರೀಕ್ಷಾ ಯಾವ ತಾರೀಖು?"

"ಏಪ್ರಿಲ್ ಹನ್ನೊಂದರಿಂದ."

"ನಾ ಬರತೀನಿ. ಧಾರವಾಡದ ತನಕ ಬಾಜೂಕ ಕುಂಡ್ರತೀನಿ."

"ಬಾಳವ್ವ ಇರತಾಳಪ್ಪಾ."

"ಇರಲಿ. ನಾ ಬೆಣ್ಣಿ ಬುಟ್ಟಿ ಹಿಡಕೋತೀನಿ."

ಬಸ್ಸು ಹೋಯಿತು.

ಲಾಡಸಾಬನ ಮಗಳು ಹಸನಬಿಯ ಮನೆ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಅಂಗಳದ ಬಿಸಿಲಿಗೆ ಹೊರಸು ಹಾಕಿ ಆತ ಕೂತಿದ್ದ. ಆ ಆಳು ಅರ್ಧವಾಗಿದ್ದ. ಹಸನಬಿ ನೀರು ತರಲು ಒಳಗೆ ಹೋದಳು.

"ಯಾರು, ಮಾಸ್ತರ ಮನಿ ಅಕ್ಕಾರೇನ? ಬರ್ರಿ, ಬರ್ರಿ. ಮಾಸ್ತರ ಎಲ್ಲಿ? ಹಿಂದ ಉಳಿದ್ರೇನ?"

ನಾನು ಹತ್ತಿರ ಹೋಗಿ ನಿಂತೆ. ಆತ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದ. ಕೈ ಇಳಿಸಿದ.

"ಯಾವಾಗ?"

"ಇವತ್ತಿಗೆ ಎಂಟ ದಿನ."

ಆತ ಎದ್ದು ನಿಲ್ಲಲು ನೋಡಿದ. ಆಗಲಿಲ್ಲ. ಹೊರಸಿನ ಹಗ್ಗ ಹಿಡಿದು ಕೂತ. ಹಸನಬಿ ತಂದ ನೀರು ಇಬ್ಬರ ನಡುವೆ ಹಾಗೇ ಇತ್ತು.

"ಒಂದ ವಾರದ ಮಾತಿಗೆ ತಗೊಂಡಿದ್ರು ಕಾಕಾ. ಎರಡ ವರ್ಷ ಆತು" ಎಂದು ವಸ್ತ್ರವನ್ನು ಮುಂದೆ ಹಿಡಿದೆ.

"ನಾ ಕೇಳಿದ್ನೇನ ತಾಯಿ?"

"ನೀವು ಕೇಳಲಿಲ್ಲ. ಅವರಿಗೆ ಕೊಡೂದಿತ್ತು."

"ನಿನ್ನ ಹಂತೇಕ ಇಟಗೊ. ಇನ್ನ ಯಾರ ಹಿಡೀತಾರ ನಿನಗ ಸೀಟು?"

"ಈಗ ಸಿಗತೈತಿ. ಯಾರೂ ಹಿಡಿಯೂದ ಬೇಕಾಗಿಲ್ಲ."

ಆತ ಹಮಾಲಿ ಮಾಡಿದ್ದು ಬಸ್ ಸ್ಟ್ಯಾಂಡಿನಲ್ಲಿ, ಯಾರ ಪಕ್ಕ ಯಾರು ಕೂಡುವುದಿಲ್ಲ ಎಂದು ಕಂಡವನು. ಹೇಗೆ ಎಂದು ಕೇಳಲಿಲ್ಲ. ಬೇರೆ ಕೇಳಿದ.

"ನಾ ಇಲ್ಲಿಗೆ ಬಂದ ಮ್ಯಾಲೂ ನಡೀತೇನ ಇದು?"

"ಒಂದ ದಿನಾನೂ ಯಾರೂ ಮುಟ್ಟಲಿಲ್ಲ."

"ಖರೇ?"

"ಖರೇ."

"ಒಂದ ಕೊಡ ನೀರ ಎತ್ತಾಕ ಆಗೂದಿಲ್ಲ ನನಗ" ಎಂದ. ಒಳಗೆ ನಿಂತ ಮಗಳಿಗೆ ಕೇಳಿಸುವಂತೆ ಮತ್ತೊಮ್ಮೆ ಕೇಳಿದ: "ಒಂದ ದಿನಾನೂ?"

"ಒಂದ ದಿನಾನೂ ಇಲ್ಲ ಕಾಕಾ."

ಆತ ಕೈ ಚಾಚಿದ. ನಾನು ಎರಡೂ ಕೈಯಿಂದ ಕೊಟ್ಟೆ. 

ಮಡಿಕೆ ಬಿಚ್ಚಿ ಹಳದಿ ನೂಲಿನ ಮೂಲೆ ಹುಡುಕಿದ. ಇನ್ನೊಂದು ಮೂಲೆಯಲ್ಲಿ ಬಿಳಿ ನೂಲಿನ ಹೊಲಿಗೆ ಇತ್ತು, ಸೊಟ್ಟ, ದೊಡ್ಡ ದೊಡ್ಡ ಎಳೆ. ಅದರ ಮೇಲೆ ಬೆರಳು ಆಡಿಸಿದ.

"ಇದು ನಮ್ಮ ಮನ್ಯಾಗಿಂದಲ್ಲ."

"ಕಿಡಕಿಗೆ ಸಿಕ್ಕು ಹರಿದಿತ್ತು. ಅವರ ಹೊಲಿದಿದ್ರು."

"ಮಾಸ್ತರ?"

"ಹೂಂ. ಸಾಲಿ ಬಿಟ್ಟ ಮ್ಯಾಲ ಕುಂತು."

ಲಾಡಸಾಬ ವಸ್ತ್ರವನ್ನು ನೀಟಾಗಿ ಉದ್ದಕ್ಕೆ ಮಡಚಿ, ಬಿಳಿ ಹೊಲಿಗೆ ಮೇಲೆ ಬರುವಂತೆ, ಹೆಗಲ ಮೇಲೆ ಹಾಕಿಕೊಂಡ.